ಮೊದಲನೇ ಪುಟದಲ್ಲೇ ನನ್ನನ್ನು ಕೊಂದ ಷಡ್ಡಕರು

ನನ್ನ ಷಡ್ಡಕರು ನನ್ನನ್ನು ಕೊಂದಿದ್ದಾರೆ. ಗಾಬರಿಯಾಗಬೇಡಿ, ಪೊಲೀಸರಿಗೆ ಫೋನ್ ಮಾಡುವಂಥದ್ದೇನಲ್ಲ. ಕೊಂದದ್ದಕ್ಕೆ ನನಗೆ ಅಷ್ಟೇನೂ ಬೇಜಾರಿಲ್ಲ. ಹೆಂಡತಿಯ ಅಕ್ಕನ ಗಂಡ ಅಂದಮೇಲೆ ಅಂಥ ಆಸೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ನನ್ನ ತಕರಾರು ಇಷ್ಟೆ: ಮೊದಲನೇ ಪುಟದಲ್ಲೇ ಕೊಲ್ಲುವುದೇ? ನಾಲ್ಕಾರು ಪುಟ ಓಡಾಡಿಸಿ, ಒಂದೆರಡು ಒಳ್ಳೆಯ ಮಾತಾಡಿಸಿ, ಒಂದು ಲೋಟ ಕಾಫಿಯನ್ನಾದರೂ ಕುಡಿಸಿ ಆಮೇಲೆ ಕೊಲ್ಲಬಾರದಿತ್ತೇ!

ವಿಷಯ ಏನೆಂದರೆ, ನಮ್ಮ ಷಡ್ಡಕರು ಮಕ್ಕಳಿಗಾಗಿ ಒಂದು ಕಾದಂಬರಿ ಬರೆಯುತ್ತಿದ್ದಾರೆ. ಮೊದಲು ಇನ್ಶೂರೆನ್ಸ್ ಸರ್ವೇಯರ್ ಆಗಿದ್ದವರು. ಜೀವಮಾನವೆಲ್ಲ ಸುಟ್ಟ ಗೋಡೌನು, ಮುಳುಗಿದ ಅಂಗಡಿ, ನಜ್ಜುಗುಜ್ಜಾದ ಲಾರಿ ನೋಡಿ ನಷ್ಟ ಎಷ್ಟು ಅಂತ ಬರೆದುಕೊಟ್ಟ ಮನುಷ್ಯ. ರಿಟೈರ್ ಆದಮೇಲೆ ಬೇರೆಯವರು ಪಾರ್ಕಿನಲ್ಲಿ ನಗುವ ಕ್ಲಬ್ ಸೇರುತ್ತಾರೆ, ಬಾಲ್ಕನಿಯಲ್ಲಿ ಕೊತ್ತಂಬರಿ ಬೆಳೆಯುತ್ತಾರೆ. ಇವರು ಬನಶಂಕರಿ ಮೂರನೇ ಸ್ಟೇಜಿನ ತಮ್ಮ ಹಜಾರದಲ್ಲಿ ಕೂತು ಬೆಂಗಳೂರಿನ ಮೇಲೆ ಅಣುಬಾಂಬ್ ಹಾಕಿದರು! ಮೆಜೆಸ್ಟಿಕ್ಕಿನಲ್ಲಿ ಬಿದ್ದ ಬಾಂಬಿಗೆ ಮಡಿವಾಳದಲ್ಲಿ ಒಂದು ಹೂಕುಂಡವೂ ನೆಟ್ಟಗೆ ನಿಂತಿಲ್ಲ. "ಟೋಟಲ್ ಲಾಸ್ ಕಣ್ರೀ," ಅನ್ನುವಾಗ ಅವರ ಮುಖದಲ್ಲೊಂದು ಕಳೆ.

ನಾಯಕಿ ನೀಲಾ, ಹದಿಮೂರು ವರ್ಷದ ಹುಡುಗಿ. ಅವಳಿಗೊಬ್ಬ ಪುಟ್ಟ ತಮ್ಮ. ಅಪ್ಪ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಪಾತ್ರೆ ಅಂಗಡಿ ಇಟ್ಟವನು; ಹೊಟ್ಟೆ ಮುಂದೆ, ನಾಲಗೆ ಅದಕ್ಕಿಂತ ಮುಂದೆ. ನಾನೂ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದೇನೆ. ಫುಟ್‌ಪಾತಿನಲ್ಲಿ ಪ್ಲಾಸ್ಟಿಕ್ ಬಕೆಟ್ ಮಾರಿಕೊಂಡು ಮೇಲೆ ಬಂದವನು. ಹೊಟ್ಟೆಯ ವಿಷಯ ಬಿಡಿ. ಸೈರನ್ ಕೂಗುತ್ತದೆ, ಊರಿಗೆ ಊರೇ ಓಡುತ್ತದೆ, ಈ ಅಪ್ಪ ಮಾತ್ರ ಮಾವಿನಹಣ್ಣಿನ ಗಾಡಿಯ ಮುಂದೆ ಚೌಕಾಸಿ ಮಾಡುತ್ತ ನಿಂತಿರುತ್ತಾನೆ. ಧಡಾರ್! "ಕೇಳಿದ ಬೆಲೆ ಕೊಟ್ಟು ಹೊರಟಿದ್ದರೆ ಅವನು ಬದುಕುತ್ತಿದ್ದ," ಅಂತ ಮೊದಲನೇ ಪುಟ ಮುಗಿಯುತ್ತದೆ.

"ಭಾವ, ಕೇಳಿದ ಬೆಲೆ ಕೊಡೋದಕ್ಕಿಂತ ಸಾಯೋದೇ ವಾಸಿ," ಅಂದೆ ನಾನು.

"ಅದಕ್ಕೇ ಸಾಯಿಸಿದ್ದು," ಅಂದರು ಅವರು.

ಇಲ್ಲಿ ನಗುವುದನ್ನು ಸ್ವಲ್ಪ ನಿಲ್ಲಿಸಬೇಕು. ಹಿಂದಿನ ವರ್ಷ ನನ್ನ ಹೆಂಡತಿ ಕ್ಯಾನ್ಸರಿನಲ್ಲಿ ಹೋದಳು. ನಾನು ಯಾರ ಹತ್ತಿರ ಬೇಕಾದರೂ ಮಾತಾಡಿ ಬೆಲೆ ಇಳಿಸಬಲ್ಲೆ, ಆದರೆ ಅವಳ ವಿಷಯದಲ್ಲಿ ಎದುರು ಪಾರ್ಟಿ ಮಾತಿಗೇ ಬರಲಿಲ್ಲ. ಅಲ್ಲಿಂದಾಚೆಗೆ ನನ್ನ ಮಗಳು ನನ್ನ ಷರಟಿನ ತುದಿ ಬಿಟ್ಟವಳಲ್ಲ. ಅವಳಿಗೂ ಹದಿಮೂರು. ಸ್ಕೂಲ್ ವ್ಯಾನ್ ಬೇಡ, ಅಪ್ಪನೇ ಬಿಡಬೇಕು. ಎದುರಿನ ಅಂಗಡಿಗೆ ಪೆನ್ಸಿಲಿಗೂ ಅಪ್ಪ ಬೇಕು. ರಸ್ತೆ ದಾಟಬೇಕಾದರೆ ಅವಳ ಬೆರಳು ನನ್ನ ಮಣಿಕಟ್ಟನ್ನು ಹಿಡಿಯುವ ರೀತಿ ಇದೆಯಲ್ಲ, ಬ್ಲಡ್ ಪ್ರೆಶರ್ ನೋಡುವ ಪಟ್ಟಿ ಕೂಡ ಅಷ್ಟು ಬಿಗಿಯುವುದಿಲ್ಲ. ನಾನು ಸ್ಕೂಟರು ಬದಲಿಸಿದೆ, ಮೊಬೈಲು ಕೊಡಿಸಿದೆ, ಕೌನ್ಸೆಲಿಂಗಿಗೆ ಕರೆದುಕೊಂಡು ಹೋದೆ. ಅಲ್ಲೂ ನನ್ನ ಪಕ್ಕದಲ್ಲೇ ಕೂತು ನನ್ನನ್ನೇ ಮಾತಾಡಿಸಿದಳು.

ಇಂಥ ಮಗುವಿನ ಮುಂದೆ ಪ್ರತಿ ಭಾನುವಾರ ಊಟವಾದಮೇಲೆ ಈ ಮಹಾನುಭಾವರು ಓದುತ್ತಿದ್ದದ್ದು ಏನು? ಬೂದಿ, ಕಪ್ಪು ಮಳೆ, ಸತ್ತ ಅಪ್ಪ ಅಮ್ಮ! ಹೊಸದಾಗಿ ಅಂಗಡಿ ಇಡುವವರಿಗೆ ನಾನು ಹೇಳುವ ಸಲಹೆಯೊಂದಿದೆ, ಗಿರಾಕಿಯ ಮುಖ ನೋಡಿ ಮಾಲು ತೆಗೆಯಿರಿ ಅಂತ. ಇವರಿಗೆ ಅದಿಲ್ಲ. ಎರಡನೇ ಭಾನುವಾರವೇ ಅವರನ್ನು ಅಡಿಗೆಮನೆಗೆ ಎಳೆದುಕೊಂಡು ಹೋಗಿ ವ್ಯಾಪಾರಕ್ಕೆ ಕೂತೆ.

"ಅಪ್ಪ ಅಮ್ಮ ಇಬ್ಬರನ್ನೂ ಬದುಕಿಸಿ."

"ಆಗಲ್ಲ."

"ಹೋಗಲಿ, ಅಪ್ಪನೊಬ್ಬನನ್ನ. ಬ್ಯಾಂಡೇಜ್ ಸುತ್ತಿಕೊಂಡು ಎಂಟನೇ ಅಧ್ಯಾಯದಲ್ಲಿ ಬರಲಿ."

"ಬಂದ್ರೆ ನೀಲಾ ಹೋಗಿ ಅವನ ಹಿಂದೆ ನಿಂತ್ಕೋತಾಳೆ ಕಣ್ರೀ. ಕಥೆ ಅಲ್ಲಿಗೆ ಮುಗೀತು."

"ಕಾಲು ಮುರೀರಿ. ಕೈ ತೆಗೀರಿ. ಮಾತು ಬೇಕಾದ್ರೂ ಇಟ್ಕೊಳಿ. ಜೀವ ಒಂದನ್ನ ಬಿಟ್ಕೊಡಿ!"

"ಫಿಕ್ಸೆಡ್ ರೇಟು," ಅಂದರು ಷಡ್ಡಕರು, ನನ್ನ ಅಂಗಡಿಯಲ್ಲಿ ನಾನೇ ತೂಗುಹಾಕಿರುವ ಬೋರ್ಡನ್ನು ನೆನಪಿಸುತ್ತ. ಆ ಬೋರ್ಡು ಯಾರೂ ನಂಬಬಾರದು ಅಂತಲೇ ಹಾಕಿದ್ದು. ಇವರು ನಂಬಿಬಿಟ್ಟಿದ್ದರು.

ಕಥೆ ಮುಂದುವರಿಯಿತು. ನಮ್ಮ ಬಂಧುಬಳಗದವರೆಲ್ಲ ಅದರಲ್ಲಿ ಸಾಲಾಗಿ ಸತ್ತರು. ಮದುವೆಯಲ್ಲಿ ಇವರಿಗೆ ಎರಡನೇ ಪಂಕ್ತಿಯಲ್ಲಿ ಊಟ ಹಾಕಿದ್ದ ಶ್ರೀನಗರದ ಚಿಕ್ಕಪ್ಪನಂತೂ ಎರಡು ಸಲ ಸತ್ತರು. "ಒಂದು ಸಲಕ್ಕೆ ಸಮಾಧಾನ ಆಗ್ಲಿಲ್ಲ," ಅಂದರು ಷಡ್ಡಕರು. ಉಳಿದ ದೊಡ್ಡವನು ಒಬ್ಬನೇ: ನೀಲಾಳ ಅಪಾರ್ಟ್‌ಮೆಂಟಿನ ಸೆಕ್ರೆಟರಿ. ಊರು ಬೂದಿಯಾಗಿದೆ, ಆಕಾಶ ಕಾಣುತ್ತಿಲ್ಲ, ಈತ ಬೇಸ್‌ಮೆಂಟಿನಲ್ಲಿ ಟಾರ್ಚು ಹಿಡಿದು ಬಂದು, "ನಿಮ್ಮ ಫ್ಲಾಟಿಂದು ಮೇಂಟೆನೆನ್ಸ್ ಬಂದಿಲ್ಲ ಪುಟ್ಟಾ," ಅನ್ನುತ್ತಾನೆ! ಇಡೀ ಕಾದಂಬರಿಯಲ್ಲಿ ನಾನು ಪೂರ್ತಿ ನಂಬಿದ ಪಾತ್ರ ಅದೊಂದೇ.

ಮಕ್ಕಳಿಗೆ ನೀರು ಬೇಕು. ಮೇಲೆ ನಿಂತ ನೀರೆಲ್ಲ ವಿಷ. ಮುಚ್ಚಳ ಭದ್ರವಾಗಿರುವ ನೆಲದಡಿಯ ಸಂಪಿನ ನೀರು ಮಾತ್ರ ಕುಡಿಯಬಹುದು. ಬೆಂಗಳೂರಿನಲ್ಲಿ ಸಂಪಿಲ್ಲದ ಮನೆ ಎಲ್ಲಿದೆ? ಆದರೆ ನೀಲಾಳಿಗೆ ಕತ್ತಲೆಯ ಸಂಪು ಕಂಡರೆ ಪ್ರಾಣ ಹೋಗುತ್ತದೆ. ಒಂದು ಅಧ್ಯಾಯದಲ್ಲಿ ಅವಳು ಮುಚ್ಚಳ ಎತ್ತುತ್ತಾಳೆ, ಅಷ್ಟೆ. ಇನ್ನೊಂದರಲ್ಲಿ ಬಗ್ಗಿ ನೋಡುತ್ತಾಳೆ. ಮತ್ತೊಂದರಲ್ಲಿ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟು ವಾಪಸ್ ಓಡಿಬರುತ್ತಾಳೆ. "ಏನು ಭಾವ, ಒಂದು ಕೊಡ ನೀರಿಗೆ ಮೂರು ಅಧ್ಯಾಯವಾ?" ಅಂತ ನಾನು ರೇಗಿಸಿದೆ. "ಧೈರ್ಯ ಟ್ಯಾಂಕರಲ್ಲಿ ಬರಲ್ಲ ಕಣ್ರೀ, ಕಾವೇರಿ ನಲ್ಲಿ ಥರ, ತೊಟ್ಟು ತೊಟ್ಟು," ಅಂದರು. ಕೊನೆಗೆ ತಮ್ಮ ಬಾಯಾರಿ ಅಳುವಾಗ ಅವಳು ಇಳಿದೇಬಿಟ್ಟಳು. ಕೆಳಗೆ ನಿಂತು ತಮ್ಮನಿಗೆ ಹೇಳಿದಳು: "ಅಳೋದು ಆಮೇಲೆ ಕಣೋ. ಮೊದ್ಲು ಕೊಡ ಹಿಡ್ಕೋ."

ಆಗ ನನ್ನ ಮಗಳು ಬಾಯಿ ಬಿಟ್ಟಳು. ಎಷ್ಟೋ ತಿಂಗಳಿಂದ ಊಟ, ನಿದ್ದೆ, ಹೋಂವರ್ಕ್ ಬಿಟ್ಟು ಬೇರೆ ಮಾತಾಡದವಳು, "ದೊಡ್ಡಪ್ಪ, ಒಂದೇ ಕೈಲಿ ಏಣಿ ಹಿಡಿದು ತುಂಬಿದ ಕೊಡ ಎತ್ತಕ್ಕಾಗಲ್ಲ. ಹಗ್ಗ ಬೇಕು. ನೀವು ಸಂಪಿಗೆ ಇಳಿದೇ ಇಲ್ಲ ಅನ್ಸುತ್ತೆ," ಅಂದಳು. ಷಡ್ಡಕರು ಪೆನ್ನು ತೆಗೆದು ಹಗ್ಗ ಸೇರಿಸಿದರು. ನನಗೆ ಒಂದು ಜೀವ ಬಿಟ್ಟುಕೊಡದ ಮನುಷ್ಯ!

ಆಮೇಲೆ ಶುರುವಾಯಿತು ಸಂಶೋಧನೆ. ಮುಂದಿನ ಅಧ್ಯಾಯದಲ್ಲಿ ನೀಲಾ ಜಯನಗರದಿಂದ ಇಟ್ಟಮಡುವಿಗೆ ನಡೆದುಹೋಗಬೇಕಲ್ಲ, ದಾರಿ ಸರಿಯಾಗಿ ನೋಡಬೇಕಂತೆ. ಹಗ್ಗದ ತಪ್ಪು ಹಿಡಿದವಳೇ ದಾರಿಯನ್ನೂ ನೋಡಲಿ ಅಂತ ಭಾನುವಾರ ಬೆಳಿಗ್ಗೆ ನನ್ನ ಮಗಳನ್ನು ಕರೆದುಕೊಂಡು ಹೊರಡುತ್ತಿದ್ದರು. ಕಂಡಕಂಡವರನ್ನೆಲ್ಲ ಕೇಳುವುದು. ಬಟ್ಟೆ ಅಂಗಡಿಯವನನ್ನು, "ನಿಮ್ಮ ಬೇಸ್‌ಮೆಂಟಲ್ಲಿ ಎಷ್ಟು ಜನ ಸಾಯದೇ ಇರಬಹುದು?" ತರಕಾರಿಯವಳನ್ನು, "ಅಣುಬಾಂಬ್ ಬಿದ್ದರೆ ಟೊಮೆಟೊ ಹೇಗಮ್ಮಾ?"

"ಬಾಂಬ್ ಬಿದ್ರೂ ಅರವತ್ತೇ ಸಾರ್. ಕಮ್ಮಿ ಬರಲ್ಲ."

ದಾರಿಯಲ್ಲಿ ದೊಡ್ಡ ರಸ್ತೆ ಬಂದರೆ ಇವರು ನಿಂತುಬಿಡುವರು. "ಇಲ್ಲಿ ನೀಲಾ ದಾಟ್ಬೇಕು. ಹೇಗೆ ದಾಟ್ತಾಳೆ ಅಂತ ಗೊತ್ತಾಗದೆ ಬರೆಯೋದು ಹೇಗೆ? ನಂದು ಮೊಣಕಾಲು ಸರಿಯಿಲ್ಲ. ನೀನು ಸ್ವಲ್ಪ ದಾಟಿ ತೋರಿಸು." ಮೊದಲ ವಾರ ಮಗಳು ಫುಟ್‌ಪಾತಿನಿಂದ ಕೆಳಗಿಳಿದು ವಾಪಸ್ ಹತ್ತಿದಳಂತೆ. ಮುಂದಿನ ವಾರ ಮಧ್ಯದ ಡಿವೈಡರ್‌ವರೆಗೆ. ಆಮೇಲೊಂದು ದಿನ ಆಚೆ ದಡ ಮುಟ್ಟಿ, ಅಲ್ಲಿಂದ ಕೂಗಿದಳಂತೆ: "ದೊಡ್ಡಪ್ಪಾ, ನೀಲಾ ಇಲ್ಲಿ ಹೆದರ್ತಾಳೆ, ಬರ್ಕೊಳಿ!" ಇದೇ ಮನುಷ್ಯ ಮನೆಯಲ್ಲಿ ಸ್ಟೂಲು ಹತ್ತಿ ಬಲ್ಬು ಬದಲಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊಣಕಾಲಂತೆ, ಮೊಣಕಾಲು! ಇಪ್ಪತ್ತೈದು ವರ್ಷ ವ್ಯಾಪಾರ ಮಾಡಿದ್ದೇನೆ, ಗಿರಾಕಿಗೆ ಗೊತ್ತೇ ಆಗದ ಹಾಗೆ ಇಷ್ಟು ದೊಡ್ಡ ಮಾಲನ್ನು ದಾಟಿಸಿದವರನ್ನು ನಾನು ನೋಡಿಲ್ಲ.

ಅದಾದ ಮೇಲೊಂದು ಭಾನುವಾರ ಅಂಗಡಿಯಲ್ಲಿ ಮದುವೆ ಪಾರ್ಟಿಯವರೊಂದಿಗೆ ಹಂಡೆಯ ಮಾತುಕತೆಯಲ್ಲಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನು.

"ಅಪ್ಪ, ನಾನು. ದೊಡ್ಡಪ್ಪಂಗೆ ಬಾಯಿ ಸೊಟ್ಟಗಾಗಿದೆ, ಬಲಗೈ ಎತ್ತಕ್ಕಾಗ್ತಿಲ್ಲ. ಆಟೋದಲ್ಲಿ ಕರ್ಕೊಂಡು ಹೋಗ್ತಿದೀನಿ. ನನ್ನ ಮೊಬೈಲಲ್ಲಿ ಚಾರ್ಜಿಲ್ಲ, ಇದು ಡ್ರೈವರ್ ಅಂಕಲ್ ಫೋನು." ಆಸ್ಪತ್ರೆಯ ಹೆಸರು ಹೇಳಿದಳು. "ದೊಡ್ಡಮ್ಮಂಗೂ ಹೇಳಿದೀನಿ. ನೀವು ನಿಧಾನಕ್ಕೆ ಬನ್ನಿ."

ನಿಧಾನಕ್ಕೆ ಬನ್ನಿ! ನಾನು ಹಂಡೆಗೆ ಎಡವಿಕೊಂಡು ಓಡಿದೆ.

ಇಟ್ಟಮಡುವಿನ ಇಳಿಜಾರಿನಲ್ಲಿ ಎಳನೀರು ಗಾಡಿಯ ಹತ್ತಿರ ಷಡ್ಡಕರು ಕುಸಿದು ಕೂತರಂತೆ. ಸುತ್ತ ಸೇರಿದವರು ನೀರು ಕುಡಿಸಿ ಅಂದರೆ, ಇವಳು ಬಾಯಿ ಸೊಟ್ಟಗಿದೆ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ, ಬೇಡ ಅಂದಳಂತೆ. ಆಟೋ ನಿಂತಿದ್ದು ರಸ್ತೆಯ ಆಚೆ. ಒಬ್ಬಳೇ ದಾಟಿ ಕರೆತಂದಳು. ನಾನು ಎಮರ್ಜೆನ್ಸಿಯ ಬಾಗಿಲಿಗೆ ಹೋದಾಗ ಅವರ ಕನ್ನಡಕ, ಚಪ್ಪಲಿ ಹಿಡಿದು ನಿಂತು ನರ್ಸಿಗೆ ಯಾವ ಹೊತ್ತಿಗೆ ಶುರುವಾಯಿತು ಅಂತ ಹೇಳುತ್ತಿದ್ದಳು. ಮುಖ ಒಣಗಿಹೋಗಿತ್ತು. ನನ್ನನ್ನು ನೋಡಿದಳು. ಷರಟಿನ ತುದಿ ಹಿಡಿಯಲಿಲ್ಲ. ಒಳಗೆ ಅವರನ್ನು ಸ್ಟ್ರೆಚರ್ ಮೇಲೆ ತಳ್ಳಿಕೊಂಡು ಹೋಗಿ ಬಾಗಿಲು ಮುಚ್ಚಿದಮೇಲೆ ಕೇಳಿದಳು:

"ಅಪ್ಪ, ಈಗ ಅಳಬಹುದಾ?"

ಚಿಕ್ಕ ವಯಸ್ಸಿನ ಡಾಕ್ಟರು, ಈಗಲೇ ಏನೂ ಹೇಳಲಾಗುವುದಿಲ್ಲ ಅಂದರು. ನನಗೆ ಬರುವ ವಿದ್ಯೆ ಒಂದೇ. "ಡಾಕ್ಟ್ರೇ, ಕೈ ಹೋದ್ರೆ ಹೋಗಲಿ. ಕಾಲೂ ಹೋಗಲಿ. ಮಾತು ಬೇಕಾದ್ರೂ ಇಟ್ಕೊಳಿ. ಜೀವ ಒಂದನ್ನ ಬಿಟ್ಕೊಡಿ," ಅಂದೆ.

"ಸಾರ್, ಅದು ನನ್ನ ಕೈಲಿಲ್ಲ."

"ಯಾರ ಕೈಲಿದೆಯೋ ಅವರನ್ನ ಕರೀರಿ, ನಾನು ಮಾತಾಡ್ತೀನಿ!"

ಈ ಸಲ ಎದುರು ಪಾರ್ಟಿ ಮಾತಿಗೆ ಬಂತು. ಬಲಗೈ ತೆಗೆದುಕೊಂಡಿತು, ಅರ್ಧ ಮಾತು ತೆಗೆದುಕೊಂಡಿತು, ಜೀವವೊಂದನ್ನು ಬಿಟ್ಟುಕೊಟ್ಟಿತು. ದುಬಾರಿಯೇ. ಆದರೂ ಕೇಳಿದ ಬೆಲೆಗಿಂತ ಕಮ್ಮಿಗೇ ಮುಗಿಸಿದೆ ಅಂದುಕೊಂಡಿದ್ದೇನೆ.

ಈಗ ಭಾನುವಾರಗಳಲ್ಲಿ ಅವರು ತೊದಲುತ್ತಾರೆ, ಮಗಳು ಬರೆಯುತ್ತಾಳೆ. ಅರ್ಧಕ್ಕರ್ಧ ಅವಳದೇ ಸೇರಿಸುತ್ತಾಳೆಂಬ ಗುಮಾನಿ ನನಗಿದೆ. ಎದುರಾಳಿ ಸುಸ್ತಾದಾಗ ವ್ಯಾಪಾರ ಕುದುರಿಸಬೇಕು, ಇದು ನಿಮಗೂ ನನ್ನ ಸಲಹೆ. ಹಾಗಾಗಿ, "ಭಾವ, ಈಗ್ಲಾದ್ರೂ ಆ ಅಪ್ಪನ್ನ ಬದುಕಿಸಿ," ಅಂದೆ. ಅವರು ಎಡಗೈ ಎತ್ತಿ ಮಗಳನ್ನು ತೋರಿಸಿದರು. ಅವಳು ತಲೆಯನ್ನೂ ಎತ್ತಲಿಲ್ಲ. "ಸಾಧ್ಯ ಇಲ್ಲಪ್ಪ. ಫಿಕ್ಸೆಡ್ ರೇಟು."

ಹೋದ ಭಾನುವಾರ ನಾನು ಸ್ಕೂಟರಿನ ಕೀ ತೆಗೆದುಕೊಂಡೆ. ಅವಳು ಆಗಲೇ ಚಪ್ಪಲಿ ಹಾಕಿ ಗೇಟಿನಾಚೆ ನಿಂತಿದ್ದಳು.

"ನಾನೇ ಹೋಗ್ತೀನಪ್ಪ. ಬಸ್ಸಲ್ಲಿ."

"ಬನಶಂಕರಿವರೆಗೆ ಬಿಡ್ತೀನಿ."

"ಬೇಡ."

"ಬಸ್ ಸ್ಟಾಪಿನವರೆಗೆ?"

"ಬೇಡಪ್ಪ."

"ಆ ತಿರುವಿನವರೆಗೆ?"

"ಅಪ್ಪ. ನೀವು ಮೊದಲನೇ ಪುಟದಲ್ಲೇ ಸತ್ತಿದೀರ."

ಸತ್ತವನು ನಿಲ್ಲಬೇಕಾದ ಹಾಗೆ ಗೇಟಿನ ಒಳಗೇ ನಿಂತೆ. ಅವಳು ತಿರುವಿನವರೆಗೆ ಹೋಗಿ ಹಿಂತಿರುಗಿ ಕೈ ಎತ್ತಿದಳು. ಸತ್ತವರು ಕೈ ಬೀಸುವಂತಿಲ್ಲವಲ್ಲ, ನಾನು ಎರಡೂ ಕೈಯಲ್ಲಿ ಗೇಟಿನ ಸರಳು ಹಿಡಿದುಕೊಂಡೆ. ಅವಳು ಹೋಗಲಿಲ್ಲ. ಎತ್ತಿದ ಕೈ ಇಳಿಸದೆ ನಿಂತೇ ಇದ್ದಳು. ಎದುರಿನವನು ಸೋಲುವವರೆಗೆ ಕಾಯಬೇಕೆಂಬುದು ಅವಳಿಗೆ ಯಾರು ಹೇಳಿಕೊಟ್ಟರೋ!

ಕೊನೆಗೆ ನಾನೇ ಸೋತೆ. ಒಂದು ಕೈ ಬಿಟ್ಟು ಮೇಲೆತ್ತಿದೆ. ಆಮೇಲೆ ಹೋದಳು.