ಬೇರಿಗೆ ಉಸಿರು ಕೊಟ್ಟದ್ದು

ಸೊಸೆ ಬೆಳೆಸುತ್ತಿದ್ದ ಸೊಪ್ಪಿಗೆ ಮಣ್ಣು ಬೇಕಿರಲಿಲ್ಲ; ಬೇಕಿದ್ದುದು ಕಾವಲು. ಆ ಮಹಾಪದವಿ ಅಂದು ಅತ್ತೆಯ ಕೊರಳಿಗೆ ಬಿದ್ದಿತ್ತು.

ಬಾಲ್ಕನಿಯಲ್ಲಿ ನೀರು ತುಂಬಿದ ದೊಡ್ಡ ಟಬ್ಬು. ತೂತು ಕೊರೆದ ಮುಚ್ಚಳದ ಮೇಲೆ ಸಲಾಡ್ ಸೊಪ್ಪು, ಬೇರುಗಳೆಲ್ಲ ನೀರಿನೊಳಗೆ. ಶೆಲ್ಫಿನ ಮೇಲಿದ್ದ ಪುಟ್ಟ ಗಾಳಿ ಪಂಪಿನಿಂದ ಇಳಿದ ಪೈಪು ನೀರಿನ ತಳದಲ್ಲಿ ಗುಳುಗುಳು ಗುಳ್ಳೆ ಎಬ್ಬಿಸುತ್ತಿತ್ತು.

"ಗುಳ್ಳೆ ನಿಂತ್ರೆ ಈ ಸೆಕೆಗೆ ಬೇರು ಉಸಿರುಕಟ್ಟಿ ಕೊಳೆತುಹೋಗುತ್ತೆ ಅತ್ತೆ," ಎಂದಿದ್ದಳು ಸೊಸೆ, ಚಪ್ಪಲಿ ಮೆಟ್ಟುತ್ತ. "ಸಂಜೆ ಹೋಟೆಲಿನ ಯಜಮಾನರನ್ನ ಕರ್ಕೊಂಡು ಬರ್ತೀನಿ. ಅವರು ಸೊಪ್ಪು ಕೊಳ್ಳೋಕೆ ಒಪ್ಪಿದ್ರೆ ಇದೇ ನನ್ನ ಕಸುಬು. ಇಲ್ದಿದ್ರೆ ಮತ್ತೆ ಆ ಬಟ್ಟೆ ಅಂಗಡೀಲಿ ದಿನವಿಡೀ ನಿಂತಿರೋದೇ ಗತಿ. ನೀವು ಏನೂ ಮುಟ್ಬೇಡಿ, ನೋಡ್ಕೊಂಡಿರಿ ಸಾಕು."

ಅತ್ತೆ ನೋಡಿಕೊಂಡರು. ನೋಡಿದಷ್ಟೂ ಪಂಪು ಗಡಗಡ ನಡುಗುತ್ತ ಶೆಲ್ಫಿನ ಅಂಚಿಗೆ ಸರಿಯುತ್ತಿರುವಂತೆ ಕಂಡಿತು. ಬಿದ್ದರೆ? ಒಡೆದರೆ? ಕೊನೆಗೆ ಅದನ್ನು ಎತ್ತಿ, ಎಳೆಗೂಸನ್ನು ಮಲಗಿಸುವಂತೆ, ನೆಲದ ಮೇಲೆ ಮಡಿಸಿದ ಟವೆಲ್ಲಿನಲ್ಲಿ ಇಟ್ಟು ನಿಟ್ಟುಸಿರು ಬಿಟ್ಟರು. (ಮುಟ್ಟಬೇಡಿ ಎಂದದ್ದು ಸೊಪ್ಪನ್ನು ತಾನೆ?)

ಮಧ್ಯಾಹ್ನ ಕರೆಂಟು ಹೋಯಿತು. ಬಂದಾಗ ಫ್ಯಾನು ತಿರುಗಿತು, ಪಂಪು ಮಾತ್ರ ಗಪ್‌ಚುಪ್. ಟವೆಲ್ಲು ತೊಪ್ಪೆ. ಗಾಳಿ ನಿಂತದ್ದೇ ಟಬ್ಬಿನ ನೀರು ಪೈಪಿನಲ್ಲಿ ಹಿಂದಕ್ಕೆ ಇಳಿದು ಪಂಪಿನ ಹೊಟ್ಟೆ ಸೇರಿತ್ತು. ಸೊಸೆ ಅದನ್ನು ನೀರಿಗಿಂತ ಎತ್ತರದ ಶೆಲ್ಫಿನ ಮೇಲೆ ಏಕೆ ಇಟ್ಟಿದ್ದಳೆಂಬ ಜ್ಞಾನೋದಯ ಅತ್ತೆಗಾದದ್ದು ಆಗಲೇ.

"ರೀ! ಏಳ್ರೀ! ಬೇರಿಗೆ ಉಸಿರುಕಟ್ತಿದೆ!"

ಮಾವ ನಿವೃತ್ತ ಬಸ್ ಕಂಡಕ್ಟರು. ಕಣ್ಣುಜ್ಜುತ್ತ ಬಂದು ಮೊದಲು ಪ್ಲಗ್ಗು ಕಿತ್ತರು. "ಅದ್ಯಾಕೆ ನೆಲಕ್ಕೆ ಇಳಿಸ್ದೆ ಇದನ್ನ?"

"ವಿಚಾರಣೆ ಆಮೇಲೆ ಮಾಡಿ. ಈಗ ಗಾಳಿ ಹಾಕಿ!"

"ಎಲ್ಲಿಂದ ಹಾಕ್ಲಿ?"

"ಜನ್ಮವಿಡೀ ಸೀಟಿ ಊದಿದ್ದೀರಲ್ಲ, ಪೈಪು ಊದಕ್ಕಾಗಲ್ವಾ?"

ಮಾವ ಪಂಪಿನಿಂದ ಪೈಪು ಬಿಡಿಸಿ, ತುದಿ ಕಚ್ಚಿ ಊದಿದರು. ಗುಳುಕ್! ಅತ್ತೆಗೆ ಹೋದ ಜೀವ ಬಂದಂತಾಯಿತು. ನಾಲ್ಕಾರು ಸಲ ಊದುವಷ್ಟರಲ್ಲಿ ಮಾವನಿಗೆ ತಲೆ ಗಿರ್ರೆಂದಿತು. "ಬೇರು ಉಳಿಯುತ್ತೆ ಕಣೇ, ನಾನು ಉಳಿಯಲ್ಲ!"

"ನೀವು ಕೂತ್ಕೊಳ್ಳಿ, ನಾನು ನೋಡ್ತೀನಿ." ಅತ್ತೆ ಮುಚ್ಚಳದ ಮೂಲೆ ಎತ್ತಿ, ಚೊಂಬಿನಲ್ಲಿ ಅದೇ ನೀರನ್ನು ಮೊಗೆದು, ಬಿಸಿ ಹಾಲು ಆರಿಸುವಂತೆ ಕೈ ಎತ್ತರಿಸಿ ಸುರಿದರು. ನೊರೆ ಎದ್ದಿತು. ಮೊಗೆದರು, ಸುರಿದರು. ತೋಳು ಸೋತಾಗ ಮಾವ ಊದಿದರು; ಮಾವನ ಕೆನ್ನೆ ಸೋತಾಗ ಅತ್ತೆ ಸುರಿದರು. ನಡುನಡುವೆ ಬಗ್ಗಿ ನೋಡಿ, "ಬೇರು ಕಂದಿದೆಯೇನ್ರೀ?" ಎಂದರು ಅತ್ತೆ. "ನಿನ್ನ ನೆರಳು ಕಣೇ ಅದು, ಸರಿ ಆ ಕಡೆ!"

ಸಂಜೆ ಬಾಗಿಲು ತೆರೆದ ಸೊಸೆಗೂ ಹೋಟೆಲಿನ ಯಜಮಾನರಿಗೂ ಕಂಡದ್ದು, ಬಾಯಲ್ಲಿ ಪೈಪು ಕಚ್ಚಿದ ಮಾವ, ಚೊಂಬು ಎತ್ತಿ ನಿಂತ ಅತ್ತೆ.

"ಕರೆಂಟ್ ಹೋಗಿತ್ತು ಕಣಮ್ಮ... ಪಂಪು ಕೆಟ್ಟೋಯ್ತು," ಎಂದರು ಅತ್ತೆ. ಸುಳ್ಳಲ್ಲ, ನಡುವಿನ ಒಂದು ಸಂಗತಿ ಬಿಟ್ಟಿದ್ದರು, ಅಷ್ಟೆ.

ಯಜಮಾನರು ಒಂದು ಗಿಡ ಎತ್ತಿದರು. ಬೇರು ಮಲ್ಲಿಗೆಯಷ್ಟು ಬೆಳ್ಳಗಿತ್ತು. ಎಲೆ ಮುರಿದರೆ ಕಟಕ್ ಎಂದಿತು.

"ವಾರ ವಾರ ಕಳಿಸಮ್ಮಾ."

ಸೊಸೆ ಓಡಿ ಬಂದು ಅತ್ತೆಯನ್ನು ತಬ್ಬಿಕೊಂಡಳು. "ಕರೆಂಟ್ ಹೋದ್ರೆ ಏನು ಗತಿ ಅಂತ ಒಂದೇ ಟಬ್ಬಿಗೆ ನಿಲ್ಸಿದ್ದೆ ಅತ್ತೆ. ನೀವಿರೋವಾಗ ನಂಗೇನು ಭಯ? ನಾಳೇನೇ ಇನ್ನೂ ಹತ್ತು ಟಬ್ಬು ತರಿಸ್ತೀನಿ!"

ಮಾವ ಮೆಲ್ಲಗೆ ಕೆಮ್ಮಿದರು. "ಪಂಪು ಯಾಕೆ ಕೆಡ್ತು ಅಂತ ನೀನೇ ಹೇಳ್ತೀಯೋ, ಹತ್ತು ಟಬ್ಬಿಗೆ ನೀರು ಸುರೀತೀಯೋ?" ಎಂದು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದರು.

ಅತ್ತೆ ಸೊಸೆಯ ಅರಳಿದ ಮುಖ ನೋಡಿದರು, ಸೋತ ತಮ್ಮ ತೋಳು ನೋಡಿಕೊಂಡರು.

"ಬರೋವಾಗ," ಎಂದರು ಸೊಸೆಗೆ, "ಇನ್ನೊಂದು ಚೊಂಬೂ ತಂದ್ಬಿಡಮ್ಮ. ನಿಮ್ಮ ಮಾವನಿಗೆ."