ಟಿವಿ ಕೆಳಗಿನ ಕರಿ ಡಬ್ಬ ನನ್ನದೇ

ನಮ್ಮ ಕಡೆ ಮನೆ ಕಟ್ಟಿಸುವವರು ಹಾಲ್ ದೊಡ್ಡದಾಗಿರಬೇಕು ಅಂತ ಮೊದಲ ದಿನವೇ ಮೇಸ್ತ್ರಿಗೆ ಹೇಳಿಬಿಡುತ್ತಾರೆ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೊಣಕೈಗೆ ಮೊಣಕೈ ತಾಗಲಿ, ಮಲಗುವ ಕೋಣೆಯಲ್ಲಿ ಬೀರುವಿನ ಬಾಗಿಲು ಪೂರ್ತಿ ತೆರೆಯದೆ ಇರಲಿ, ಹಾಲ್ ಮಾತ್ರ ದೊಡ್ಡದಿರಬೇಕು. ಆಮೇಲೆ ಅಲ್ಲಿ ಮನೆಯವರು ಕೂರುವ ಹಾಗಿಲ್ಲ. ಸೋಫಾ ಬಂದವರಿಗೆ. ಶೋಕೇಸು ಬಂದವರಿಗೆ. ಶೋಕೇಸಿನೊಳಗಿನ ಹೂವಿನ ಚಿತ್ರದ ಕಪ್-ಸಾಸರು ಬಂದವರು ನೋಡುವುದಕ್ಕೆ. ಅವರಿಗೂ ಕಾಫಿ ಸಿಗುವುದು ಸ್ಟೀಲ್ ಲೋಟದಲ್ಲೇ. ಇಷ್ಟಕ್ಕೂ ಬರುವವರು ಎಷ್ಟು ಸಲ ಬರುತ್ತಾರೆ? ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ನನಗೆ ಈ ಲೆಕ್ಕ ಯಾವತ್ತೂ ಸರಿಹೋಗಿಲ್ಲ. ಆದ್ದರಿಂದ ಐವತ್ತೆರಡನೆಯ ವಯಸ್ಸಿನಲ್ಲಿ, ಹೊಸಕೋಟೆಯ ನಮ್ಮ ಮನೆಯ ಹಾಲ್‌ನಲ್ಲಿ, ಟಿವಿ ಕೆಳಗೆ, ಗೇಮ್ ಆಡುವ ಒಂದು ಕರಿ ಡಬ್ಬ ತಂದು ಇಟ್ಟಿದ್ದೇನೆ. ಆಡುವವಳು ನಾನು. ಯಾರು ಏನೇ ಅಂದರೂ ಅದನ್ನು ಅಲ್ಲಿಂದ ತೆಗೆಯುವುದಿಲ್ಲ. ಇಷ್ಟು ಹೇಳಿಬಿಟ್ಟರೆ ಮುಂದಿನ ಮಾತು ಸಲೀಸು.

ಅದೇನು ಡಬ್ಬ ಅಂತ ಕೇಳುತ್ತೀರಿ. ಒಳಗಿರುವುದು ಕಂಪ್ಯೂಟರೇ. ಆದರೆ ಕಂಪ್ಯೂಟರಿನ ಜಂಭ ಅದಕ್ಕಿಲ್ಲ. ನಮ್ಮ ಶಾಲೆಯಲ್ಲಿ ಒಂದು ಕಂಪ್ಯೂಟರ್ ಇದೆ. ಸ್ವಿಚ್ ಹಾಕಿ, ಹಾಜರಿ ಕೂಗಿ, ಎರಡು ಲೆಕ್ಕ ಬಿಡಿಸಿ ಬಂದರೂ ಅದು ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುತ್ತದೆ. ಈ ಡಬ್ಬ ಹಾಗಲ್ಲ. ಸೋಫಾದಲ್ಲಿ ಕಾಲು ಮಡಚಿ ಕೂತು, ಕೈಯಲ್ಲಿರುವ ಕಂಟ್ರೋಲರ್‌ನ ಒಂದು ಗುಂಡಿ ಒತ್ತಿದರೆ ಎದ್ದು ನಿಲ್ಲುತ್ತದೆ. ಕೀಬೋರ್ಡು ಬೇಡ, ಮೇಜು ಬೇಡ, ಕುತ್ತಿಗೆ ನೋವು ಬೇಡ. ಮೊದಲು ನಾನು ಮಗಳ ಹಳೇ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟುಕೊಂಡು, ಸಾರಿನ ಪಾತ್ರೆ ಆ ಕಡೆ ಸರಿಸಿ ಆಡುತ್ತಿದ್ದೆ. ಅಲ್ಲಿ ಕೂಡಿಸಿಟ್ಟ ಆಟಗಳೆಲ್ಲ ಡಬ್ಬದಲ್ಲೂ ಹಾಗೇ ಸಿಕ್ಕಿದವು. ಇನ್ನು ಅದರ ದೊಡ್ಡ ಗುಣ ಬೇರೆಯೇ ಇದೆ. ಕುಕ್ಕರು ಮೂರನೇ ಸಲ ಕೂಗಿದಾಗ ಗುಂಡಿ ಒತ್ತಿ ಎದ್ದು ಹೋದರೆ, ಇಡೀ ಲೋಕ ಅಲ್ಲೇ ನಿಲ್ಲುತ್ತದೆ. ಎತ್ತಿದ ಕತ್ತಿ ಎತ್ತಿದ ಹಾಗೇ. ಬೇಳೆ ಮಸೆದು, ಒಗ್ಗರಣೆ ಹಾಕಿ, ಕೈ ಒರೆಸಿಕೊಂಡು ಬಂದು ಕೂತರೆ ಅಲ್ಲಿಂದಲೇ ಮುಂದಕ್ಕೆ. ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ, ನಾನು ಎದ್ದು ಹೋದಾಗ ನನಗೋಸ್ಕರ ಕಾದು ನಿಂತದ್ದು ಇದೊಂದೇ. ಬೇರೆ ಎಲ್ಲವೂ, ಸಿನಿಮಾ, ಮಾತು, ಬಿಸಿ ದೋಸೆ, ನಾನು ಬರುವಷ್ಟರಲ್ಲಿ ಮುಗಿದಿರುತ್ತಿದ್ದವು.

ನಮ್ಮವರು ರೇಷ್ಮೆ ಇಲಾಖೆಯಲ್ಲಿ ಕೆಲಸಕ್ಕಿದ್ದಾರೆ. ಹೆಸರು ನಂಜುಂಡಪ್ಪ. ಜಗಳ ಅಂದರೆ ಎದ್ದು ಹೋಗಿ ಗಿಡಕ್ಕೆ ನೀರು ಹಾಕುವ ಮನುಷ್ಯ. ಡಬ್ಬ ಬಂದ ದಿನ ಗಿಡಗಳಿಗೆ ಎರಡು ಸಲ ನೀರು ಬಿತ್ತು. ಆಮೇಲೆ ಒಳಗೆ ಬಂದು ಮೆಲ್ಲಗೆ, "ರೂಮಲ್ಲಿ ಇಟ್ಕೊಳ್ಳೇ. ಹಾಲ್‌ನಲ್ಲಿ ಯಾಕೆ? ಬಂದೋರು ಏನಂದ್ಕೋತಾರೆ?" ಎಂದರು.

"ಇಪ್ಪತ್ತೈದು ವರ್ಷ ಈ ಹಾಲ್‌ನಲ್ಲಿ ಕ್ರಿಕೆಟ್ ನೋಡಿದೀರಲ್ಲ, ಬಂದೋರು ಏನಂದ್ಕೊಂಡ್ರು?" ಎಂದು ಕೇಳಿದೆ.

"ಅದು ಬೇರೆ."

"ಹೆಂಗೆ ಬೇರೆ? ಅಲ್ಲಿ ಆಡೋರು ಯಾರೋ, ನೀವು ಬರೀ ಕೂಗಾಡೋರು. ಇಲ್ಲಿ ನಾನೇ ಆಡ್ತೀನಿ. ಯಾವುದು ವಾಸಿ?"

ಅವರು ಮೂರನೇ ಸಲ ನೀರು ಹಾಕಲು ಹೋದರು. ನನಗೆ ಡಬ್ಬ ರೂಮಿನಲ್ಲಿರಬೇಕು ಅನ್ನುವ ಮಾತೇ ಆಗಿಬರಲಿಲ್ಲ. ರೂಮಿನಲ್ಲಿ ಬಾಗಿಲು ಹಾಕಿಕೊಂಡು ಆಡಿದರೆ ಅದು ಚಟ. ಹಾಲ್‌ನಲ್ಲಿ ದೀಪ ಹಾಕಿಕೊಂಡು, ಪಕ್ಕದಲ್ಲಿ ಅತ್ತೆ ಬೆಳ್ಳುಳ್ಳಿ ಸುಲಿಯುತ್ತಿರುವಾಗ ಆಡಿದರೆ ಅದು ಹವ್ಯಾಸ. ನಾನು ಇಷ್ಟು ವರ್ಷ ಪೋಷಕರ ಸಭೆಗಳಲ್ಲಿ, ಮಕ್ಕಳಿಗೆ ಗೇಮ್ ಕೊಡಬೇಡಿ, ತಲೆ ಹಾಳಾಗುತ್ತೆ ಅಂತ ಭಾಷಣ ಮಾಡಿಕೊಂಡು ಬಂದವಳು, ನಿಜ. ಅದು ಮಕ್ಕಳ ತಲೆ. ನನ್ನದು ಹಾಳಾಗಿದ್ದರೆ ಇಷ್ಟರಲ್ಲಿ ಯಾರಿಗಾದರೂ ಗೊತ್ತಾಗಬೇಕಿತ್ತು. ಈ ಆಟದ ಹುಚ್ಚು ಹತ್ತಿದ್ದು ಹೇಗೆ ಎನ್ನುವುದು ಇನ್ನೊಂದು ಕಥೆ, ಅದು ಈಗ ಬೇಡ.

ಅತ್ತೆಯ ವಿಷಯಕ್ಕೆ ಬರೋಣ. ಎಪ್ಪತ್ತೆಂಟು ವರ್ಷ, ಬೂದಿಗೆರೆಯ ಹೊಲದಲ್ಲಿ ಕಳೆ ಕಿತ್ತು ಗಟ್ಟಿಯಾದ ಜೀವ. ಈಗ ಕೂತಲ್ಲೇ ಉಲ್ಲನ್ನಿನಲ್ಲಿ ಕ್ರೋಷಾ ಹಾಕುತ್ತಾರೆ. ನಮ್ಮ ಮನೆಯಲ್ಲಿ ಅಂಗಿ ಇಲ್ಲದ ವಸ್ತುವೇ ಇಲ್ಲ. ಟಿವಿಗೆ ಅಂಗಿ, ಫ್ರಿಜ್ಜಿನ ತಲೆಗೆ ಟೋಪಿ, ಮಿಕ್ಸಿಗೆ ಲಂಗ, ರಿಮೋಟಿಗೆ ಪ್ಲಾಸ್ಟಿಕ್ಕು. ಅವರಿಗೆ ನನ್ನ ಆಟದ ಮೇಲೆ ಆಕ್ಷೇಪಣೆ ಇರಲಿಲ್ಲ. ಆಟದಲ್ಲಿ ಒಂದು ಪಾಳು ಕೋಟೆ, ಕೋಟೆಯ ಬಾಗಿಲಲ್ಲಿ ಒಬ್ಬ ರಾಕ್ಷಸ. ತಿಂಗಳಾದರೂ ಸಾಯುತ್ತಿರಲಿಲ್ಲ. ಹಿಂದೊಮ್ಮೆ ನಮ್ಮ ಶಾಲೆಗೆ ತಪಾಸಣೆಗೆ ಬರುತ್ತಿದ್ದ ಸಾಹೇಬರೊಬ್ಬರ ಹೆಸರನ್ನು ನಾನು ಅವನಿಗೆ ಇಟ್ಟಿದ್ದೆ. ಅತ್ತೆ ಬೆಳ್ಳುಳ್ಳಿ ಕೆಳಗಿಟ್ಟು, "ಕಾಲಿಗೆ ಹೊಡಿಯೇ, ಕಾಲಿಗೆ! ಮುಖಕ್ಕೆ ಹೊಡುದ್ರೆ ಏನ್ ಸಾಯ್ತಾನೆ, ಮುಖಾನೇ ಇಲ್ಲ ಅವುನ್ಗೆ" ಎನ್ನುತ್ತಿದ್ದರು. ಅವರ ಆಕ್ಷೇಪಣೆ ಒಂದೇ. "ಆ ಡಬ್ಬ ಅದ್ಯಾಕೆ ಹಂಗೆ ಬರೀ ಮೈಯಾಗೆ ಕೂತೈತೆ? ಬಂದೋರ ಮುಂದೆ ಮಾನ ಬ್ಯಾಡ್ವಾ?"

ಒಂದು ವಾರದಲ್ಲಿ ಅಂಗಿ ತಯಾರಾಯಿತು. ಕೆಂಪು ಉಲ್ಲನ್ನು, ಎದೆಯ ಮೇಲೆ ಹಸಿರು ನವಿಲು, ಸುತ್ತ ಜಾಲರಿ. ನನ್ನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಮದುವೆಯಾಗಿ ಬಂದಾಗ ನಾನು ತಂದ ಹೊಲಿಗೆ ಯಂತ್ರಕ್ಕೂ ಅತ್ತೆ ಅಂಗಿ ಹಾಕಿಕೊಟ್ಟಿದ್ದರು. ಅಂಗಿ ಹಾಕಿದರೆ ಮನೆಗೆ ಸೇರಿಸಿಕೊಂಡ ಹಾಗೆ. ಹಾಗಾಗಿ ಆಡುವಾಗಲೂ ನಾನದನ್ನು ತೆಗೆಯಲಿಲ್ಲ. ಬಟ್ಟೆ ಸುತ್ತಿದರೆ ಬಿಸಿಯಾಗುತ್ತದೆ ಅನ್ನುವುದು ಹೊಳೆಯಬಾರದಿತ್ತೇ ಅಂತ ನೀವು ಕೇಳಬಹುದು. ಶಾಖದ ಪಾಠ ವಿಜ್ಞಾನದ ಮೇಷ್ಟ್ರದು, ನನ್ನದು ಗಣಿತ.

ಮುಂದಿನ ಸೋಮವಾರ ಸಂಜೆ ಸಾಹೇಬರಿಗೆ ಇನ್ನು ಎರಡೇ ಏಟು ಬಾಕಿ ಇತ್ತು. ಡಬ್ಬ ಒಮ್ಮೆ ಗುರ್ ಎಂದು ಉಸಿರೆಳೆದು ಆರಿಹೋಯಿತು. ಮಂಗಳವಾರವೂ ಅದೇ, ಬುಧವಾರವೂ ಅದೇ. ಅತ್ತೆ ದೃಷ್ಟಿಯಾಗಿದೆ ಅಂತ ನಿಂಬೆಹಣ್ಣು ಇಳಿ ತೆಗೆದು, ನವಿಲಿನ ಕೊಕ್ಕಿಗೆ ಕುಂಕುಮ ಇಟ್ಟರು. ನಮ್ಮವರು ಮಾತ್ರ, "ಹೋಗ್ಲಿ ಬಿಡು, ಅದ್ಕೂ ವಯಸ್ಸಾಯ್ತೇನೋ" ಎಂದು ಬಹಳ ಮೃದುವಾಗಿ ಹೇಳಿ, ಅವತ್ತು ಗಿಡಗಳ ಕಡೆ ಹೋಗಲೇ ಇಲ್ಲ.

ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಡಬ್ಬವನ್ನು ತರಕಾರಿ ಚೀಲದಲ್ಲಿಟ್ಟುಕೊಂಡು ಹಳೇ ಮದ್ರಾಸು ರಸ್ತೆಯ ಪಕ್ಕದ ಒಂದು ರಿಪೇರಿ ಅಂಗಡಿಗೆ ಹೋದೆ. ಕೌಂಟರಿನ ಹಿಂದೆ ಕೂತಿದ್ದವನು ಎದ್ದು ನಿಂತು, "ಮಿಸ್! ನಾನು ನಯಾಜ್" ಎಂದ. ಈ ಊರಿನಲ್ಲಿ ಇದೊಂದು ಕಷ್ಟ. ಪಂಕ್ಚರ್ ಹಾಕುವವನಿಂದ ಹಲ್ಲು ಕೀಳುವವನ ತನಕ ಎಲ್ಲರೂ ನನ್ನ ಕೈಯಲ್ಲಿ ಮಗ್ಗಿ ಕಲಿತವರೇ. ನಯಾಜ್ ನನ್ನ ಮಗಳ ತರಗತಿಯವನು. ಸ್ಕ್ರೂ ಬಿಚ್ಚಿ ಒಳಗೆ ಊದಿದ. ಕೆಂಪು ಎಳೆಗಳು ಮುದ್ದೆಮುದ್ದೆಯಾಗಿ ಹೊರಗೆ ಬಂದವು.

"ಇದಕ್ಕೆ ಸ್ವೆಟರ್ ಹಾಕಿದ್ರಾ ಮಿಸ್?"

"ಚಳಿ ಇತ್ತಲ್ಲಪ್ಪ" ಎಂದೆ.

ಅವನು ನಗಲಿಲ್ಲ. ನನ್ನ ಎದುರು ನಗುವ ಧೈರ್ಯ ಇನ್ನೂ ಬಂದಿಲ್ಲ ಎಂದುಕೊಂಡೆ. ಫ್ಯಾನಿನ ಸಂದಿಯಿಂದ ಎಳೆ ಕೀಳುತ್ತಲೇ ಹೇಳಿದ, "ನೆನಪಿದ್ಯಾ ಮಿಸ್? ಎಂಟನೇ ಕ್ಲಾಸಲ್ಲಿ ನನ್ ವಿಡಿಯೋ ಗೇಮ್ ಕಿತ್ಕೊಂಡಿದ್ರಿ. ಮೇಲಿಂದ ಇಟ್ಟಿಗೆ ಬೀಳೋದು. ಎಸ್ಸೆಸ್ಸೆಲ್ಸಿ ಮುಗುದ್ಮೇಲೆ ಬಂದು ತಗೊಂಡೋಗು ಅಂದ್ರಿ. ಬಂದಿದ್ದೆ. ಕಳೆದೋಯ್ತು ಅಂದ್ರಿ."

"ಹೌದಾ?" ಎಂದು ಗೋಡೆಯ ಮೇಲಿನ ಕ್ಯಾಲೆಂಡರ್ ಓದತೊಡಗಿದೆ.

"ಇರ್ಲಿ ಬಿಡಿ ಮಿಸ್, ನಮ್ ಒಳ್ಳೇದಕ್ಕೇ ಅಲ್ವಾ. ಅಂದಂಗೆ, ಇದು ಮನೇಲಿ ಆಡೋರು ಯಾರು?"

ಮೂರು ತಿಂಗಳಿಂದ ಗಂಡನಿಗೆ, ಅತ್ತೆಗೆ, ಫೋನಿನಲ್ಲಿ ಮಗಳಿಗೆ, ನಿಮಗೂ ಈಗತಾನೇ ಭಾಷಣ ಬಿಗಿದ ಬಾಯಿ ಇದು. ಆ ಬಾಯಿಯಿಂದ ಬಂದ ಮಾತು: "ನಮ್ಮ ಮನೆಯವರು."

ನಯಾಜನ ಮುಖ ಅರಳಿತು. "ಸರ್ ಆಡ್ತಾರಾ? ಸೂಪರ್ ಮಿಸ್! ಈ ವಯಸ್ಸಲ್ಲಿ! ಎಲ್ಲಿ ತನಕ ಬಂದವ್ರೆ?" "ಕೋಟೆ ಬಾಗಿಲ ರಾಕ್ಷಸನ ಹತ್ರ" ಎಂದೆ. ಅಷ್ಟು ಹೇಳುವ ಅಗತ್ಯ ಇರಲಿಲ್ಲ. "ಅವನನ್ನ ಕಾಲಿಗೇ ಹೊಡೀಬೇಕು ಅಂತ ಹೇಳಿ ಸರ್‌ಗೆ" ಎಂದ. ಅತ್ತೆಗೆ ಇದು ಹೇಗೆ ಗೊತ್ತಿತ್ತೋ ದೇವರೇ ಬಲ್ಲ.

ಮನೆಗೆ ಬಂದು ಅತ್ತೆಗೆ ಅಂಗಿಯ ವಿಷಯ ಹೇಳಲು ಒಂದು ಗಂಟೆ ಹಿಂದೆ ಮುಂದೆ ನೋಡಿದೆ. ಅವರು ಅಂಗಿಯನ್ನು ಮಡಚಿಡುತ್ತಾ, "ಉಸಿರು ಕಟ್ತದೆ ಅಂತ ಮೊದ್ಲೇ ಹೇಳ್ಬಾರ್ದಾ? ಎಮ್ಮೆ ಮೇಲೂ ಬ್ಯಾಸಿಗೇಲಿ ಗೋಣಿ ಹಾಕಕಿಲ್ಲ" ಎಂದರು. ಮಿಕ್ಸಿಗೆ ಈಗ ಎರಡು ಅಂಗಿ. ಡಬ್ಬ ಮತ್ತೆ ಬರೀ ಮೈಯಲ್ಲಿ ಹಾಲ್‌ನಲ್ಲಿ ಕೂತಿತು.

ಆದರೆ ಮಾತಿಗೆ ಅಂಗಿ ಹಾಕಿ ಕೂರಿಸಲು ಆಗುತ್ತದೆಯೇ? ನಾಲ್ಕು ದಿನ ಬಿಟ್ಟು ನಮ್ಮವರು ಗೊಂದಲದಲ್ಲಿ ಮನೆಗೆ ಬಂದರು. "ಟೀ ಅಂಗಡೀಲಿ ಯಾರೋ ಕೈ ಕುಲುಕಿ, 'ಸರ್, ರಾಕ್ಷಸ ಸತ್ನಾ?' ಅಂದ. ಇನ್ನೊಬ್ಬ 'ನಮ್ಮಪ್ಪನೂ ನಿಮ್ಮಂಗೆ ಇರ್ಬೇಕಿತ್ತು' ಅಂದ. ಏನೇ ಇದು?" ನಾನು ಸಿಡಿಯುತ್ತಿದ್ದ ಸಾಸಿವೆಯ ಸದ್ದಿನಲ್ಲಿ ಕೇಳಿಸದವಳ ಹಾಗೆ ಇದ್ದೆ. ಹಾಲ್‌ನಲ್ಲಿ ಬಂದವರು ಏನಂದುಕೊಳ್ಳುತ್ತಾರೋ ಎಂದು ಹೆದರುತ್ತಿದ್ದ ಮನುಷ್ಯನ ಬಗ್ಗೆ ಇಡೀ ಹೊಸಕೋಟೆ ಅಂದುಕೊಂಡಾಗಿತ್ತು.

ಭಾನುವಾರ ಬೆಳಿಗ್ಗೆ ಭಾವ ಬಂದರು, ಬೂದಿಗೆರೆಯಿಂದ, ಕೈಯಲ್ಲಿ ಒಂದು ಚೀಲ ಅವರೆಕಾಯಿ. ನಮ್ಮವರ ಅಣ್ಣ, ಹೊಲ ನೋಡಿಕೊಳ್ಳುವವರು, ತರಕಾರಿ ಹಾಕಲು ಹೊಸಕೋಟೆ ಮಾರ್ಕೆಟ್ಟಿಗೆ ಬಂದು ಹೋಗುವವರು. ಸೋಫಾದಲ್ಲಿ ಕೂತು, ಟಿವಿ ಕೆಳಗಿನ ಡಬ್ಬವನ್ನು ಒಂದು ಸಲ, ತಮ್ಮನನ್ನು ಒಂದು ಸಲ ನೋಡಿ, "ಏನ್ಲಾ ನಂಜುಂಡ, ಮಾರ್ಕೆಟ್ ತುಂಬಾ ನಿಂದೇ ಸುದ್ದಿ. ಹೆಂಡ್ತಿ ದಿನಾ ಶಾಲೇಲಿ ಗಂಟ್ಲು ಹರ್ಕೊಂಡು ಬರ್ತಾಳೆ, ನೀನು ಗೇಮ್ ಆಡ್ತಾ ಕೂರ್ತೀಯಂತೆ. ಮಾನ ಮರ್ವಾದೆ ಬ್ಯಾಡ್ವಾ?" ಎಂದು ಶುರು ಮಾಡಿದರು.

ನಮ್ಮವರು ತಲೆ ತಗ್ಗಿಸಿ ಕಾಫಿ ಲೋಟದೊಳಗೆ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ಎಲ್ಲ ಅರ್ಥವಾಗಿತ್ತು ಅವರಿಗೆ. ಆದರೂ ನನ್ನನ್ನು ಬಿಟ್ಟುಕೊಡಲಿಲ್ಲ. ಕ್ರಿಕೆಟ್ಟಿನ ಲೆಕ್ಕ, ಹಾಲ್‌ನ ಲೆಕ್ಕ ಎಲ್ಲ ಹೇಳಿದವಳು, ಕೊನೆಗೆ ನನ್ನ ಡಬ್ಬವನ್ನು ಇವರ ತಲೆಗೆ ಕಟ್ಟಿ ಬಂದೆನಲ್ಲ.

"ಭಾವ, ಅದು ನಂದು. ಆಡೋಳು ನಾನು" ಎಂದೆ.

ಭಾವ ಕಾಫಿ ಲೋಟ ಕೆಳಗಿಟ್ಟರು. ಅವರ ಕಣ್ಣು ಒದ್ದೆಯಾಯಿತು. "ನೋಡ್ಲಾ ನಂಜುಂಡ, ಎಂಥಾ ಹೆಂಡ್ತಿ ಕಟ್ಕೊಂಡಿದೀಯ. ಗಂಡನ ತಪ್ಪು ತನ್ ಮೇಲೆ ಹಾಕ್ಕೋತಾವ್ಳೆ."

"ಇಲ್ಲ ಭಾವ, ನಿಜವಾಗ್ಲೂ ನಾನೇ."

"ಆಯ್ತಮ್ಮ ಆಯ್ತು, ನಿನ್ ಮನಸ್ಸು ನಂಗೆ ಗೊತ್ತಿಲ್ವಾ."

ಕಂಟ್ರೋಲರ್ ಕೈಗೆತ್ತಿಕೊಂಡೆ. ಅವರೆದುರಿಗೇ ಆಡಿ ತೋರಿಸಿದೆ. ಅವಸರಕ್ಕೆ ಮುಖಕ್ಕೇ ಹೊಡೆಯಲು ಹೋದೆ, ಸಾಹೇಬರು ಒಂದೇ ಏಟಿಗೆ ನನ್ನನ್ನು ಮಲಗಿಸಿದರು. "ಪಾಪ, ನೋಡು, ಅವಳ್ಗೆ ಬರೋದೂ ಇಲ್ಲ" ಎಂದರು ಭಾವ. ಅತ್ತೆ ಮೂಲೆಯಿಂದ, "ಕಾಲಿಗೆ ಹೊಡಿ ಅಂದ್ರೆ ಕೇಳಕಿಲ್ಲ" ಎಂದದ್ದು ಅವರ ಕಿವಿಗೆ ಬೀಳಲಿಲ್ಲ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಯ್ಯುವವರನ್ನು ಎದುರಿಸಬಹುದು, ಹೊಗಳುವವರನ್ನು ಏನು ಮಾಡುವುದು? ನೇರ ರೂಮಿಗೆ ಹೋದೆ. ಬೀರುವಿನ ಬಾಗಿಲು ತೆರೆದಷ್ಟೇ ತೆರೆದು, ಮದುವೆಯ ರೇಷ್ಮೆ ಸೀರೆಯ ಮಡಿಕೆಯೊಳಗೆ ಕೈಹಾಕಿ, ಅಂಗೈ ಅಗಲದ ಒಂದು ವಿಡಿಯೋ ಗೇಮ್ ತಂದು ಭಾವನ ಮುಂದೆ ಇಟ್ಟೆ. ಗುಂಡಿಗಳ ಮೇಲಿನ ಬಣ್ಣ ಪೂರ್ತಿ ಸವೆದಿತ್ತು. "ರಿಪೇರಿ ಅಂಗಡಿ ನಯಾಜ್ ಎಂಟನೇ ಕ್ಲಾಸಲ್ಲಿದ್ದಾಗ ಅವನ ಕೈಯಿಂದ ಕಿತ್ಕೊಂಡಿದ್ದು. ಕಳೆದೋಯ್ತು ಅಂತ ಸುಳ್ಳು ಹೇಳಿದ್ದು. ಅವತ್ತಿಂದ ಆಡ್ತಾ ಇದೀನಿ. ಈಗ ನಂಬ್ತೀರಾ?"

ಭಾವ ನಂಬಿದರು. ಆಟ ಆಡುವ ಹೆಂಗಸನ್ನು ನಂಬದ ಮನುಷ್ಯ, ಎಂಟನೇ ಕ್ಲಾಸಿನ ಮಗುವಿನ ಸಾಮಾನು ಹೊಡೆದುಕೊಂಡ ಟೀಚರನ್ನು ಕೂಡಲೇ ನಂಬಿದರು. ನಮ್ಮವರು ಆ ಗೇಮನ್ನು ಕೈಗೆತ್ತಿಕೊಂಡು, "ಓಹೋ, ಪೇಪರ್ ತಿದ್ದೋದಿದೆ, ಯಾರೂ ಮಾತಾಡಿಸ್ಬೇಡಿ ಅಂತಿದ್ದಾಗೆಲ್ಲ ಇದಾ?" ಎಂದು, ಎಷ್ಟೋ ವರ್ಷದ ಮೇಲೆ ಬಾಯಿ ತುಂಬಾ ನಕ್ಕರು. ಭಾವ ಅವರೆಕಾಯಿ ಚೀಲ ನನ್ನ ಕಡೆ ತಳ್ಳಿ, "ಡಬ್ಬ ಎಲ್ಲಾದ್ರೂ ಇಟ್ಕೊಳ್ಳಮ್ಮ. ಆ ಹುಡ್ಗಂದು ಮೊದ್ಲು ವಾಪಸ್ ಕೊಟ್ಬಿಡು" ಎಂದು ಎದ್ದು ಹೋದರು.

ಡಬ್ಬ ಹಾಲ್‌ನಲ್ಲೇ ಇದೆ. ಈಗ ಯಾರು ಬಂದು ಕೇಳಿದರೂ ನಮ್ಮವರೇ, "ಅದು ನಮ್ಮ ಮೇಡಂದು" ಎನ್ನುತ್ತಾರೆ. ಶಾಲೆಗೆ ಹೋಗುವಾಗ ನಯಾಜನ ಅಂಗಡಿಯ ಮುಂದೆ ನಾನು ದಿನಾ ಬಸ್ಸಿನಲ್ಲಿ ಹಾದುಹೋಗುತ್ತೇನೆ. ಗೇಮು ವ್ಯಾನಿಟಿ ಬ್ಯಾಗಿನಲ್ಲೇ ಇರುತ್ತದೆ, ಹೊಸ ಸೆಲ್ಲು ಕೂಡ ಹಾಕಿದ್ದೇನೆ. ಕೊಡಬಾರದು ಅಂತೇನೂ ಇಲ್ಲ. ಆದರೆ ಆ ರಸ್ತೆಯ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಾಗ ಕೈ ಸುಮ್ಮನಿರಬೇಕಲ್ಲ. ಅವನ ವಸ್ತು ಅವನಿಗೆ ಖಂಡಿತ ಸೇರುತ್ತದೆ. ನಾನು ರಿಟೈರ್ ಆದ ಮೇಲೆ ಬಂದು ತಗೊಂಡು ಹೋಗಲಿ.