ಹಡಗಿನ ಕೋಣೆಗೆ ಅಕ್ಕನ ಅಳತೆ

ನಮ್ಮ ಅಕ್ಕ ಇಂದಿನವರೆಗೆ ಸಮುದ್ರದ ನೀರಿಗೆ ಪಾದ ಅದ್ದಿದವಳಲ್ಲ. ಆದರೆ ಮುಂಬೈಯಿಂದ ಗೋವಾಕ್ಕೆ ಹೋಗಿಬರುವ ಪ್ರವಾಸಿ ಹಡಗೊಂದರ ಎಂಟನೇ ಅಂತಸ್ತಿನಲ್ಲಿ ಮಂಚಕ್ಕೂ ಬೀರುವಿಗೂ ನಡುವೆ ಎಷ್ಟು ಇಂಚು ಜಾಗವಿದೆ ಎಂದು ಕೇಳಿ ನೋಡಿ, ಥಟ್ಟನೆ ಹೇಳುತ್ತಾಳೆ. ಅದೇ ಪ್ರಶ್ನೆಯನ್ನು ಆ ಹಡಗಿನ ಕ್ಯಾಪ್ಟನ್ನಿಗೆ ಕೇಳಿದರೆ, ಪಾಪ, ಅವನು ತಲೆ ಕೆರೆದುಕೊಂಡಾನು!

ಅಕ್ಕ ಇರುವುದು ಭದ್ರಾವತಿಯ ಜನ್ನಾಪುರದಲ್ಲಿ. ಮೂವತ್ತೈದು ವರ್ಷ ಮನೆಯಲ್ಲೇ ಮಿಷನ್ ಇಟ್ಟುಕೊಂಡು ರವಿಕೆ ಹೊಲಿದವಳು. ನಾನಿರುವುದು ಶಿವಮೊಗ್ಗದ ರವೀಂದ್ರನಗರದಲ್ಲಿ. ನಡುವೆ ಅರ್ಧ ಗಂಟೆ ಚಿಲ್ಲರೆ ಬಸ್ಸಿನ ದಾರಿ. ಇನ್ನೂ ಸ್ವಲ್ಪ ದೂರವಿದ್ದರೆ ನನ್ನ ಆಯುಷ್ಯ ಹೆಚ್ಚುತ್ತಿತ್ತೋ ಏನೋ ಎಂದು ಎಷ್ಟೋ ಸಲ ಅನ್ನಿಸಿದೆ.

ನಮ್ಮ ಯಜಮಾನರು ತೀರಿಕೊಂಡು ವರ್ಷದ ಕರ್ಮಗಳೆಲ್ಲ ಮುಗಿದ ಮಾರನೆಯ ವಾರ ಅಕ್ಕ ಒಂದು ಬಣ್ಣದ ಹಾಳೆ ಹಿಡಿದು ಬಂದಳು. ಆ ಒಂದು ವರ್ಷದಲ್ಲಿ ನಾನು ಬೀದಿ ತುದಿಯ ಹಾಲಿನ ಅಂಗಡಿಗೆ ಹೋಗುವುದನ್ನೂ ಬಿಟ್ಟಿದ್ದೆ. ಯಾರಾದರೂ ಎದುರಾಗಿ "ಹೇಗಿದ್ದೀರಿ?" ಎಂದರೆ ಏನು ಹೇಳಬೇಕೆಂದೇ ತಿಳಿಯುತ್ತಿರಲಿಲ್ಲ. ಅಂಥವಳ ಮುಂದೆ ಅಕ್ಕ ಹಡಗಿನ ಚಿತ್ರ ಹರವಿದಳು.

"ಹಡಗಲ್ಲಿ ಹೋಗಿಬರೋಣ. ನಿಮ್ಮ ಭಾವ ಬರಲ್ವಂತೆ, ನೀರಿನ ಮೇಲೆ ಮಲಗೋಕೆ ಅವರೇನು ಬಾತುಕೋಳಿ ಅಲ್ವಂತೆ. ನಾವಿಬ್ರೇ."

"ನಾನು ಎಲ್ಲಿಗೂ ಬರಲ್ಲ ಅಕ್ಕ."

"ಸರಿ. ಬಾಲ್ಕನಿ ಇರೋ ರೂಮಾ, ಸ್ಯೂಟಾ?"

ಇದು ಅವಳ ಕಸುಬಿನ ಗುಟ್ಟು. ಬಟ್ಟೆ ಹಿಡಿದು ಬಾಗಿಲಲ್ಲಿ ಹಿಂದೆ ಮುಂದೆ ನೋಡುತ್ತ ನಿಂತ ಹೆಂಗಸನ್ನು ಅವಳು ಎಂದೂ "ಹೊಲಿಸ್ತೀರಾ?" ಎಂದು ಕೇಳಿದವಳಲ್ಲ. "ಕುತ್ತಿಗೆ ರೌಂಡ್ ಇಡ್ಲಾ, ಚೌಕ ಇಡ್ಲಾ?" ಎಂದೇ ಕೇಳುತ್ತಿದ್ದಳು. ಕುತ್ತಿಗೆಯ ಯೋಚನೆಗೆ ಬಿದ್ದ ಹೆಂಗಸು ವಾಪಸ್ಸು ಹೋಗುವುದುಂಟೇ?

"ನೀನು ರೂಮು ಆರಿಸಿಕೊಡು ಸಾಕು. ಬರೋದು ಬಿಡೋದು ಆಮೇಲೆ," ಎಂದಳು. ಅಷ್ಟೇ ತಾನೇ, ತೊಲಗಲಿ ಎಂದು ಒಪ್ಪಿದೆ. ಅಲ್ಲಿಂದ ಶುರುವಾಯಿತು ನೋಡಿ ನನ್ನ ಶನಿಕಾಟ!

ಮೊದಲು ದುರ್ಗಿಗುಡಿಯ ಟ್ರಾವೆಲ್ಸ್ ಅಂಗಡಿ. ಅಲ್ಲಿದ್ದ ಮೇಡಂ ಬಹಳ ಸಮಾಧಾನದವರು. ಅಂದರೆ, ನಾವು ಹೋಗುವವರೆಗೆ ಹಾಗಿದ್ದರು. ಕಂಪ್ಯೂಟರಿನಲ್ಲಿ ಸ್ಯೂಟಿನ, ಅಂದರೆ ಒಳಗೇ ಎರಡು ರೂಮಿರುವ ದುಬಾರಿ ಕೋಣೆಯ, ಚಿತ್ರ ತೋರಿಸಿದರು. ಮಂಚದ ಮೇಲೆ ಕುಳಿತ ಒಬ್ಬಳು ಚೆಲುವೆ ಕಾರಣವಿಲ್ಲದೆ ನಗುತ್ತಿದ್ದಳು.

"ಇವಳನ್ನ ಸ್ವಲ್ಪ ಪಕ್ಕಕ್ಕೆ ಸರಿಸೋಕಾಗತ್ತಾ? ಹಿಂದಿನ ಬೀರು ಕಾಣ್ತಿಲ್ಲ," ಎಂದಳು ಅಕ್ಕ.

"ಅದು ಫೋಟೋ ಅಮ್ಮ. ಆದರೆ ಸ್ಯೂಟ್ ತಗೊಂಡೋರಿಗೆ ಸಾಲಲ್ಲಿ ನಿಲ್ಲೋದಿರಲ್ಲ. ಎಲ್ಲರಿಗಿಂತ ಮೊದಲು ಹತ್ತಿಸ್ತಾರೆ."

"ನಾವು ಮೊದಲು ಹತ್ತಿದ್ರೆ ಹಡಗು ಮೊದಲೇ ಹೊರಡತ್ತಾ?"

"ಇಲ್ಲಮ್ಮ, ಎಲ್ಲರೂ ಹತ್ತಿದ ಮೇಲೇ."

"ಹಾಗಾದ್ರೆ ಸುಮ್ನೆ ಹೋಗಿ ಕೂತು ಕಾಯೋಕೆ ಹೆಚ್ಚಿಗೆ ದುಡ್ಡು!"

ಮೇಡಂ ಒಂದು ಗುಟುಕು ನೀರು ಕುಡಿದರು. "ಸ್ಯೂಟಿಗೆ ಅಂತಲೇ ಒಬ್ಬ ಬಟ್ಲರ್ ಇರ್ತಾನಮ್ಮ. ಏನು ಬೇಕಾದ್ರೂ ಕರೆದು ಹೇಳಬಹುದು."

ಅಕ್ಕನ ಮುಖ ಗಂಭೀರವಾಯಿತು. "ಅವನು ಎಲ್ಲಿ ಮಲಗ್ತಾನೆ?"

ನಾನು ಎದ್ದು ಬೀದಿಗೆ ಬಂದು ನಿಂತೆ. ಒಳಗೆ ಅಕ್ಕ ಇನ್ನೂ ಮುಕ್ಕಾಲು ಗಂಟೆ ಇದ್ದಳು. ಹೊರಬರುವಾಗ ಅವಳ ಚೀಲದಲ್ಲಿ ಎರಡೂ ಬಗೆಯ ಕೋಣೆಗಳ ನಕ್ಷೆ ಇತ್ತು. ಬೀಳ್ಕೊಡಲು ಬಾಗಿಲವರೆಗೆ ಬಂದ ಮೇಡಂ ಕಣ್ಣಲ್ಲಿ ನೀರಿತ್ತು ಎಂದರೆ ಉತ್ಪ್ರೇಕ್ಷೆಯಾಗುತ್ತದೆ. ಇರಲಿಲ್ಲ, ಆದರೆ ದೂರವೇನೂ ಇರಲಿಲ್ಲ.

ನಕ್ಷೆ ಸಿಕ್ಕರೆ ನಿಮ್ಮಂಥವರು ನನ್ನಂಥವರು ಏನು ಮಾಡುತ್ತೇವೆ? ನೋಡುತ್ತೇವೆ. ಅಕ್ಕ ಹಾಗಲ್ಲ. ಅವಳು ಕಾಗದದಲ್ಲಿ ಕತ್ತರಿಸಿ ಮೈಮೇಲೆ ಇಟ್ಟು ನೋಡದೆ ಬಟ್ಟೆಗೆ ಕತ್ತರಿ ಹಾಕಿದವಳೇ ಅಲ್ಲ. ಮುಂದಿನ ಭಾನುವಾರ ನಾನು ಜನ್ನಾಪುರಕ್ಕೆ ಹೋದಾಗ ತಾರಸಿಯ ಮೇಲೆ ರಂಗೋಲಿ ಪುಡಿಯಲ್ಲಿ, ಟೇಪು ಹಿಡಿದು, ಬಾಲ್ಕನಿ ಕೋಣೆಯನ್ನು ಇದ್ದ ಅಳತೆಗೆ ಇದ್ದ ಹಾಗೆ ಬರೆದಿದ್ದಳು! ಮಂಚ, ಸೋಫಾ, ಬಚ್ಚಲು, ಕನ್ನಡಿ ಎಲ್ಲವೂ ಬಿಳಿ ಗೆರೆಯಲ್ಲಿ. ಮಂಚದ ಗೆರೆಯೊಳಗೆ ಚಾಪೆ ಹಾಸಿ ನನ್ನನ್ನು ಮಲಗಿಸಿದಳು. ತಾನು ಕಣ್ಣು ಮುಚ್ಚಿಕೊಂಡು ಬಚ್ಚಲಿನಿಂದ ಬಾಲ್ಕನಿಗೆ ನಡೆದಳು, ನನ್ನ ಕಾಲಿನ ಮೇಲೆ ಕಾಲು ಬೀಳುತ್ತದೋ ಇಲ್ಲವೋ ಎಂದು ನೋಡಲು. ಎರಡು ಸಲ ಬಿತ್ತು.

ಅಷ್ಟರಲ್ಲಿ ಭಾವ ಕಾಫಿ ಹಿಡಿದು ಮೇಲೆ ಬಂದರು. ಪಾಪ, ಅವರಿಗೇನು ಗೊತ್ತು? ಗೆರೆಗಳ ಮೇಲೆ ಕಾಲಿಟ್ಟು ಬಂದು ನಿಂತರು.

"ಗೋಡೆ ತುಳ್ಕೊಂಡು ಬಂದ್ರಲ್ರೀ!" ಎಂದು ಅಕ್ಕ ಕೂಗಿದಳು. "ಬಚ್ಚಲಲ್ಲಿ ನಿಂತ್ಕೊಂಡು ಕಾಫಿ ಕೊಡ್ತೀರಲ್ಲ, ನಾಚಿಕೆ ಆಗಲ್ವಾ?"

ಭಾವ ಬಗ್ಗಿ ಕಾಲಡಿ ನೋಡಿಕೊಂಡರು. ಕಾಫಿಯನ್ನು ಅಲ್ಲೇ ಇಟ್ಟು, ಬಂದ ಗೋಡೆಯ ಮೇಲೆಯೇ ವಾಪಸ್ಸು ಹೋದರು.

ಪಕ್ಕದ ತಾರಸಿಯಲ್ಲಿ ಪಂಚೆ ಒಣಗಿಸುತ್ತಿದ್ದ ಪುರೋಹಿತರು ಇದನ್ನೆಲ್ಲ ನೋಡುತ್ತಿದ್ದರು. "ಏನಮ್ಮಾ, ಯಾವ ಹೋಮ? ಮಂಡಲ ಸರಿಯಾಗಿ ಬಂದಿಲ್ಲವಲ್ಲ?"

"ಹೋಮ ಅಲ್ಲ ಭಟ್ಟರೇ. ಹಡಗು."

ಹಡಗಿನ ಶಾಸ್ತ್ರ ಭಟ್ಟರು ಓದಿದವರಲ್ಲ. ಆದರೆ ವೃತ್ತಿಯ ಮರ್ಯಾದೆ ಎಂಬುದೊಂದಿದೆಯಲ್ಲ! "ಶೌಚ ಈಶಾನ್ಯಕ್ಕೆ ಬಂದಿದೆ. ಒಳ್ಳೇದಲ್ಲ."

"ಹಡಗು ಹೋಗುವಾಗ ದಕ್ಷಿಣಕ್ಕೆ ಮುಖ, ಬರುವಾಗ ಉತ್ತರಕ್ಕೆ. ಆಗ ಅದೇ ಶೌಚ ನೈಋತ್ಯಕ್ಕೆ ಬರಲ್ವಾ ಭಟ್ಟರೇ?"

ಭಟ್ಟರು ಬೆರಳು ಮಡಿಚಿ ಲೆಕ್ಕ ಹಾಕಿದರು. "ಹಾಗಿದ್ರೆ ಬರುವಾಗ ಮಾತ್ರ ಉಪಯೋಗಿಸಿ," ಎಂದರು.

ಇಷ್ಟಕ್ಕೇ ಮುಗಿಯಿತು ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಕಿಟಕಿಯೂ ಇಲ್ಲದ ಒಳಗಿನ ಕೋಣೆ ಸಾಕೋ, ಬಾಲ್ಕನಿಯೇ ಬೇಕೋ ಎಂಬ ಹೊಸ ಅನುಮಾನ ಅವಳಿಗೆ ಹುಟ್ಟಿತು. ಅದನ್ನು ತೀರಿಸಿಕೊಳ್ಳಲು ಅವಳು ಆರಿಸಿದ ಜಾಗ ಯಾವುದು ಗೊತ್ತೇ? ತ್ಯಾವರೆಕೊಪ್ಪದ ಹುಲಿ ಸಿಂಹಗಳ ಸಫಾರಿ! ಜಾಲರಿ ಬಡಿದ ವ್ಯಾನಿನಲ್ಲಿ ನನ್ನನ್ನೂ ಕೂರಿಸಿಕೊಂಡು ಒಂದು ಸುತ್ತು ಕಿಟಕಿ ಪಕ್ಕ ಕುಳಿತು ಬಂದಳು. ಇಳಿದವಳೇ ಇನ್ನೆರಡು ಟಿಕೆಟ್ ತಂದಳು.

"ಅಮ್ಮಾ, ಈಗ ತಾನೇ ನೋಡಿದ್ರಲ್ಲ?" ಎಂದ ಡ್ರೈವರ್.

"ಅದು ಕಿಟಕಿಯಿಂದ ನೋಡಿದ್ದು ಮಾರಾಯ. ಈಗ ನಡುವಿನ ಸೀಟಿಂದ ನೋಡ್ಬೇಕು."

ಎರಡು ಸುತ್ತಿನಲ್ಲೂ ಹುಲಿ ಬಿದಿರು ಮೆಳೆಯ ಬುಡದಲ್ಲಿ ಮಲಗಿತ್ತು. ಅಕ್ಕ ನನ್ನ ಕಿವಿಗೆ ಬಾಗಿ, ಏನೋ ದೊಡ್ಡದನ್ನು ಕಂಡುಹಿಡಿದವಳ ಹಾಗೆ, "ನೋಡ್ದ್ಯಾ? ಕಿಟಕಿ ಇದ್ದೋರಿಗೂ ಇಲ್ದೋರಿಗೂ ಅದೇ ಹುಲಿ. ಇನ್ನೊಂದು ಸಲ ಹಿಂದಿನ ಸೀಟಲ್ಲಿ ಕೂತು ನೋಡೋಣ್ವಾ?" ಎಂದಳು.

ನನ್ನ ತಾಳ್ಮೆ ಅಲ್ಲಿಗೆ ಹರಿಯಿತು. "ಅಕ್ಕಾ! ಹುಲಿ ಮಲಗೋದಕ್ಕೂ ಹಡಗಿನ ಬಾಲ್ಕನಿಗೂ ಏನು ಸಂಬಂಧ? ತಲೆ ಕೆಟ್ಟಿದ್ಯಾ ನಿಂಗೆ?"

ವ್ಯಾನಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಹುಲಿಯೂ ಒಂದು ಕಣ್ಣು ತೆರೆಯಿತು.

ಅಕ್ಕನಿಗೆ ಬೇಸರವಾಯಿತೇ? ಎಲ್ಲಿಯ ಮಾತು! ಬಹುಮಾನ ಬಂದವಳಂತೆ ನಗುತ್ತಿದ್ದಳು. ಬಸ್ಸಿನಲ್ಲಿ ಕುಳಿತ ಮೇಲೆ ನನಗೆ ಹೊಳೆಯಿತು, ಒಂದು ವರ್ಷದಲ್ಲಿ ನಾನು ಗಂಟಲೆತ್ತಿ ಮಾತಾಡಿದ್ದು ಅದೇ ಮೊದಲು.

ಹಡಗಿನ ಟಿಕೆಟ್ಟಿಗೆ ಶನಿವಾರ ಕಡೆಯ ದಿನ, ಮಧ್ಯಾಹ್ನದೊಳಗೆ ಹೇಳಲೇಬೇಕು ಎಂದು ಟ್ರಾವೆಲ್ಸಿನ ಮೇಡಂ ಫೋನು ಮಾಡಿದರು. ಅಕ್ಕ ನನ್ನನ್ನು ಬೆಳಿಗ್ಗೆಯೇ ಕರೆಸಿಕೊಂಡಳು. ತಾರಸಿ ಹತ್ತಿ ನೋಡಿದರೆ, ಈ ಸಲ ಸ್ಯೂಟನ್ನೇ ಬರೆಯುತ್ತಿದ್ದಾಳೆ. ಮಂಡಿಯೂರಿ, ಬಾಯಲ್ಲಿ ಟೇಪಿನ ತುದಿ ಕಚ್ಚಿಕೊಂಡು. ತಾರಸಿ ಸಾಲದೆ ಒಂದು ಮೂಲೆ ನೀರಿನ ಟ್ಯಾಂಕಿನ ಕೆಳಗೆ ನುಗ್ಗಿತ್ತು.

"ಅಕ್ಕ, ಬಾಲ್ಕನಿ ಕೋಣೆಯ ಎರಡರಷ್ಟಾಗತ್ತೆ ಇದು," ಎಂದೆ.

"ಹೂಂ. ಇದೇ ತಗೊಳ್ಳೋಣ ಅಂತ."

"ಸಾಲು ತಪ್ಪತ್ತೆ ಅಂದ್ರೆ ಬೇಡ ಅಂದೆ. ಬಟ್ಲರ್ ಅಂದ್ರೆ ಹೆದರಿಕೊಂಡೆ. ಬಾಲ್ಕನಿ ಎರಡರಲ್ಲೂ ಇದೆ. ಮಿಷನ್ನು, ಮಂಚ, ಗಿರಾಕಿಗಳು ಎಲ್ಲ ಒಂದೇ ರೂಮಲ್ಲಿ ಇಟ್ಕೊಂಡು ಬದುಕಿದೋಳು ನೀನು. ಎರಡು ದಿನಕ್ಕೆ ಎರಡು ರೂಮು ಯಾಕಕ್ಕ? ದುಡ್ಡೇನು ಮರದಲ್ಲಿ ಬಿಡತ್ತಾ?"

ಅಕ್ಕ ಟೇಪನ್ನು ಬಾಯಿಂದ ತೆಗೆದಳು. ತಲೆ ಎತ್ತಲಿಲ್ಲ.

"ನಡುವೆ ಬಾಗಿಲಿದೆ ಕಣೇ."

"ಒಂದು ಬಾಗಿಲಿಗೆ ಅಷ್ಟೊಂದಾ?"

"ನಮ್ಮನೇಗೆ ಬಂದಾಗೆಲ್ಲ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಂಡು ನಿಂತಿರ್ತೀಯ. ಬಕೆಟ್ ತುಂಬಿ ಹರಿದ್ರೂ ನಿಲ್ಸಲ್ಲ. ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?"

ಅವಳು ಗೆರೆಯೊಂದನ್ನು ಬೆರಳಿನಿಂದ ಸರಿಮಾಡುತ್ತಲೇ ಇದ್ದಳು.

"ಹಡಗಿನ ನಲ್ಲೀಲಿ ನೀರು ಜೋರಾಗಿ ಸದ್ದು ಮಾಡತ್ತಾ ಅಂತ ಆ ಮೇಡಂನ ಕೇಳ್ದೆ. ಅಲ್ಲಿನ ನಲ್ಲಿ ಸದ್ದೇ ಮಾಡಲ್ವಂತೆ. ಸಣ್ಣ ರೂಮಾದ್ರೆ ನೀನು ಎಲ್ಲಿಗೆ ಹೋಗ್ತೀಯ? ನಾನು ಎದುರಿಗೇ ಇರ್ತೀನಿ, ನೀನು ಎರಡು ದಿನ ನುಂಗ್ಕೊಂಡು ಕೂತಿರ್ತೀಯ. ಬಾಗಿಲು ಹಾಕ್ಕೊಂಡು ಅಳೋಕೆ ನಿಂಗೊಂದು ಜಾಗ ಬೇಡ್ವಾ, ಮಾರಾಯ್ತಿ?"

ಹಡಗಿಗೆ ಬರುತ್ತೇನೆ ಎಂದು ಅಲ್ಲಿಯವರೆಗೆ ನಾನು ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ.

"ಬಾಲ್ಕನಿ ರೂಮೇ ತಗೋ ಅಕ್ಕ. ಬರ್ತೀನಿ," ಎಂದೆ.

"ಮತ್ತೆ..."

"ನಿನ್ನೆದುರಿಗೇ ಅಳ್ತೀನಿ. ಸಹಿಸ್ಕೋ."

ಹೇಳಿದ್ದೇನೋ ಗತ್ತಿನಿಂದಲೇ. ಆದರೆ ಹಡಗು ಹತ್ತುವವರೆಗೆ ಕಾಯಲಾಗಲಿಲ್ಲ. ಬೆಳಗಿನ ಹತ್ತು ಗಂಟೆಯ ಬಿಸಿಲಿನಲ್ಲಿ, ಸುತ್ತಲಿನ ಎಲ್ಲ ಮನೆಯವರಿಗೂ ಕಾಣುವ ಆ ತಾರಸಿಯ ಮೇಲೆ ಕುಸಿದು ಕುಳಿತು, ಸದ್ದು ಮಾಡಿ ಅತ್ತೆ. ಅಕ್ಕ ಕೈಯ ಪುಡಿಯನ್ನು ಸೀರೆಗೆ ಒರೆಸಿಕೊಂಡು ಬಂದು ನನ್ನ ಪಕ್ಕ ಕುಳಿತಳು. ಕೆಳಗಿನ ಮನೆಯಲ್ಲಿ ಅವಳ ಫೋನು ಬಡಿದುಕೊಳ್ಳತೊಡಗಿತು. ಟ್ರಾವೆಲ್ಸಿನವರದೇ ಇರಬೇಕು. ನಿಂತು, ಮತ್ತೆ ಬಡಿದುಕೊಂಡಿತು.

ಅಕ್ಕ ಏಳಲಿಲ್ಲ.